ಸಂಪಾದಕೀಯ: ಈ ಅಕ್ಟೋಬರಿಗೆ ಪಟ್ಟಾಯ ಬೇಡ

ಕಳೆದ ಭಾನುವಾರ, ಇಲ್ಲಿ ಥಾಯ್ಲೆಂಡಿನ ನಮ್ಮ ಕನ್ನಡ ತರಗತಿಯಲ್ಲಿ ಊರ ಹೆಸರುಗಳ ಪಾಠ. ಪುರ, ಪಟ್ಟಣ, ಹಳ್ಳಿ, ಕೆರೆ. ಎಂಟು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿ, “ಹಾಗಾದ್ರೆ ಬುರಿರಾಮ್ ಅಂದ್ರೆ ರಾಮಪುರಾನಾ?” ಎಂದಳು.

ಈಶಾನ್ಯದ ಇಸಾನ್ ಸೀಮೆಯ ಊರು ಬುರಿರಾಮ್. ಹುಡುಗಿಯ ಊಹೆ ಅರ್ಧ ಸರಿ. ಥಾಯ್ ಭಾಷೆಯ ‘ಬುರಿ’ ನಮ್ಮ ‘ಪುರಿ’ಯೇ. ಕಾಂಚನಬುರಿ ಎಂದರೆ ಕಾಂಚನಪುರಿ, ಫೆಚ್‌ಬುರಿ ಎಂದರೆ ವಜ್ರಪುರಿ. ಆದರೆ ಬುರಿರಾಮ್‌ನ ರಾಮ್ ದಶರಥನ ಮಗನಲ್ಲ. ಥಾಯ್ ಫಲಕವನ್ನು ಗಮನಿಸಿ: ಹೆಸರಿನ ಕೊನೆಗೊಂದು ‘ಯ’ ಇದೆ, ಅದರ ನೆತ್ತಿಯ ಮೇಲೊಂದು ಪುಟ್ಟ ಸುರುಳಿ. ಬರೆಯಬೇಕು, ಉಚ್ಚರಿಸಬಾರದು ಎಂದು ಆ ಸುರುಳಿಯ ಅರ್ಥ. ‘ಯ’ ಸೇರಿಸಿ ಓದಿದರೆ ‘ರಮ್ಯ’. ರಮ್ಯಪುರಿ. ತರಗತಿಯಲ್ಲಿದ್ದ ಮಕ್ಕಳೆಲ್ಲ ಪಟ್ಟಾಯ ನೋಡಿದವರೇ, ಕೆಲವರು ನಾಲ್ಕು ಸಲ. ಬುರಿರಾಮ್ ನೋಡಿದವರು ಒಬ್ಬರೂ ಇಲ್ಲ. ಹಾಗಾಗಿ ಗಣೇಶನ ಸಂಚಿಕೆಯ ಈ ಪುಟ, ಗಣೇಶನ ಕ್ಷಮೆ ಕೋರಿ, ಅವನ ಅಪ್ಪನ ಗುಡಿಗೆ.

ಬುರಿರಾಮ್ ಪ್ರಾಂತ್ಯದ ದಕ್ಷಿಣಕ್ಕೆ, ಆರಿದ ಜ್ವಾಲಾಮುಖಿಯ ನೆತ್ತಿಯ ಮೇಲೆ, ಫನೋಮ್ ರುಂಗ್ ಎಂಬ ಶಿವಾಲಯವಿದೆ. (‘ಫಲ’ದ ಫ, ‘ಫೋನ್’ನ ಫ ಅಲ್ಲ. ಇಂಗ್ಲಿಷ್ ಫಲಕ ನೋಡಿ ತಪ್ಪು ಓದುವವರೇ ಹೆಚ್ಚು; ಕನ್ನಡಿಗರಿಗೆ ಆ ನೆಪವಿಲ್ಲ.) ಹತ್ತರಿಂದ ಹದಿಮೂರನೆಯ ಶತಮಾನದವರೆಗೆ ಕಾಂಬೋಡಿಯದ ಖ್ಮೇರರು ಹಂತಹಂತವಾಗಿ ಕಟ್ಟಿದ್ದು. ಮುಖ್ಯ ಗುಡಿ ನರೇಂದ್ರಾದಿತ್ಯನ ಕಾಲದ್ದು; ಅವನು ಅಂಕೋರ್ ವಾಟ್ ಕಟ್ಟಿಸಿದ ಎರಡನೆಯ ಸೂರ್ಯವರ್ಮನ ಬಂಧು. ಅವನ ಮಗ ಹಿರಣ್ಯ ಅಪ್ಪನ ಬಗ್ಗೆ ಬರೆಸಿದ ಸಂಸ್ಕೃತ ಶಾಸನ ಇಲ್ಲೇ ಸಿಕ್ಕಿದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಹೆಚ್ಚುಕಡಿಮೆ ಅದೇ ಕಾಲ.

ಗುಡಿಯ ಹದಿನೈದು ಬಾಗಿಲುಗಳು ಒಂದೇ ಸಾಲಿನಲ್ಲಿವೆ. ವರ್ಷಕ್ಕೆ ನಾಲ್ಕು ಸಲ ಸೂರ್ಯ ಅವುಗಳ ಮೂಲಕ ಹಾಯುತ್ತಾನೆ: ಏಪ್ರಿಲ್ 3–5 ಮತ್ತು ಸೆಪ್ಟೆಂಬರ್ 8–10ರ ಸುಮಾರಿಗೆ ಉದಯ, ಮಾರ್ಚ್ 5–7 ಮತ್ತು ಅಕ್ಟೋಬರ್ 5–7ರ ಸುಮಾರಿಗೆ ಅಸ್ತ.

ಓದುತ್ತಿದ್ದ ಹಾಗೇ ಬೆಂಗಳೂರಿನವರ ಮನಸ್ಸು ಎಲ್ಲಿಗೆ ಹೋಯಿತೆಂದು ಗೊತ್ತು. ಗವೀಪುರ. ಸಂಕ್ರಾಂತಿಯ ಸಂಜೆ, ಬಾಯಲ್ಲಿ ಇನ್ನೂ ಎಳ್ಳುಬೆಲ್ಲ, ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನದ ಆ ದೊಡ್ಡ ಕಲ್ಲುಚಕ್ರಗಳು, ಪಕ್ಕದಲ್ಲಿ ತ್ರಿಶೂಲ, ಡಮರು. ತಲೆ ತಗ್ಗಿಸದವನ ಹಣೆಗೆ ಗವಿಯ ಪ್ರದಕ್ಷಿಣೆಯಲ್ಲಿ ಕಲ್ಲಿನ ಪೆಟ್ಟು ತಪ್ಪಿದ್ದಲ್ಲ. ಐದು ಗಂಟೆ ದಾಟಿದರೆ ಎಲ್ಲರ ಕಣ್ಣೂ ನಂದಿಯ ಕೊಂಬಿನ ಮೇಲೆ. ಬೆಳಕು ಕೊಂಬುಗಳ ನಡುವೆ ನುಸುಳಿ ಗಂಗಾಧರೇಶ್ವರನ ಲಿಂಗದ ಮೇಲೆ ಮೆಲ್ಲಗೆ ಏರುವಾಗ ಜನ ಉಸಿರು ಹಿಡಿಯುತ್ತಿದ್ದರು, ಆಮೇಲೆ ಒಮ್ಮೆಲೇ ಗಂಟೆ, ಜಾಗಟೆ. ಮೋಡ ಕವಿದ ವರ್ಷ ‘ಈ ಸಲ ಸ್ವಾಮಿ ಬರಲಿಲ್ಲ’ ಎಂದು ಗೊಣಗುತ್ತ ಬಸ್ಸು ಹಿಡಿಯುವುದೂ ಹಬ್ಬದ ಭಾಗವೇ ಆಗಿತ್ತು. ನವೆಂಬರ್ ಕೊನೆಯಲ್ಲೂ ಸೂರ್ಯ ಅದೇ ದಾರಿಗೆ ಬರುತ್ತಾನೆ. ಆಗ ಹಬ್ಬವಿಲ್ಲದ್ದರಿಂದ ನೂಕುನುಗ್ಗಲೂ ಇಲ್ಲ.

ಇಲ್ಲಿಯೂ ಲೆಕ್ಕ ಅದೇ. ಸೂರ್ಯ ಆರು ತಿಂಗಳು ಉತ್ತರಕ್ಕೆ, ಆರು ತಿಂಗಳು ದಕ್ಷಿಣಕ್ಕೆ ಸರಿಯುವುದರಿಂದ ಒಂದೇ ಬಿಂದುವನ್ನು ವರ್ಷದಲ್ಲಿ ಎರಡು ಸಲ ದಾಟುತ್ತಾನೆ. ಫನೋಮ್ ರುಂಗ್‌ನ ನಡುಗೆರೆ ನೇರ ಪೂರ್ವಕ್ಕಿಲ್ಲ. ಸುಮಾರು ಐದೂವರೆ ಡಿಗ್ರಿ ಉತ್ತರಕ್ಕೆ ವಾಲಿದೆ. ಆದ್ದರಿಂದಲೇ ವಿಷುವತ್ ದಿನದಂದು ಹೋದರೆ ಏನೂ ಕಾಣುವುದಿಲ್ಲ. ಸೂರ್ಯ ದಿನಕ್ಕೆ ಸುಮಾರು 0.4 ಡಿಗ್ರಿ ಸರಿಯುತ್ತಾನೆ, ಅವನ ಬಿಂಬದ ಅಗಲ ಅರ್ಧ ಡಿಗ್ರಿ. ಹೀಗಾಗಿ ಸಿಗುವುದು ಮೂರೇ ದಿನ, ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ. ಅಸ್ತ ನೋಡುವವರು ಪೂರ್ವದ ಬಾಗಿಲ ಹೊರಗೆ ನಿಂತು ಪಶ್ಚಿಮಕ್ಕೆ ಮುಖ ಮಾಡಬೇಕು. ಬಾಗಿಲ ಅಗಲದಷ್ಟೇ ಜಾಗ ಉಪಯೋಗಕ್ಕೆ ಬರುವುದು. ಎರಡು ಹೆಜ್ಜೆ ಪಕ್ಕಕ್ಕೆ ನಿಂತರೆ ಕಾಣುವುದು ಬರೀ ಕಲ್ಲು. ಆರರ ಆಸುಪಾಸಿಗೆ ಅಸ್ತ, ಆದರೆ ನಾಲ್ಕೂವರೆಗೇ ಜಾಗ ಹಿಡಿಯಿರಿ. ಫೋನಿನಲ್ಲಿ ಚಿತ್ರ ತೆಗೆಯುವವರು ಪರದೆಯ ಮೇಲೆ ಸೂರ್ಯನನ್ನೇ ಮುಟ್ಟಿ ಬೆಳಕು ಇಳಿಸಿ, ಇಲ್ಲವಾದರೆ ಹದಿನೈದು ಬಾಗಿಲೂ ಸೇರಿ ಒಂದು ಬಿಳಿ ಚುಕ್ಕೆಯಾಗುತ್ತದೆ. ಅಕ್ಟೋಬರ್ ಮೊದಲ ವಾರ ಅಲ್ಲಿ ಮಳೆಗಾಲದ ಬಾಲ, ಪಶ್ಚಿಮದಲ್ಲಿ ಮೋಡ ಇರಬಹುದು. ಎರಡು ಸಂಜೆ ಕೈಯಲ್ಲಿಟ್ಟುಕೊಂಡು ಹೋಗುವುದು ಜಾಣತನ.

ಸೂರ್ಯ ಕೈಕೊಟ್ಟರೂ ನಷ್ಟವಿಲ್ಲ. ಪೂರ್ವದ ಕೆಳಗಿನಿಂದ ಹತ್ತಿ. 160 ಮೀಟರ್ ಉದ್ದದ ಹಾದಿ, ಇಕ್ಕೆಲದಲ್ಲಿ ಕಮಲದ ಮೊಗ್ಗಿನ ತಲೆಯ ಕಂಬಗಳು, ಐದು ಹೆಡೆಯ ನಾಗಗಳ ಸೇತುವೆ, ಆಮೇಲೆ ಕಡಿದಾದ ಮೆಟ್ಟಿಲು. ಹಾದಿಗೆ ಹಾಸಿದ್ದು ಜಂಬಿಟ್ಟಿಗೆ, ಕರಾವಳಿಯವರ ಮುರಕಲ್ಲು. ಅದು ಮಳೆಯಲ್ಲಿ ಹೇಗೆ ಜಾರುತ್ತದೆಂದು ಮಂಗಳೂರಿನವರಿಗೆ ಹೇಳಬೇಕಿಲ್ಲ. ಉಳಿದವರು ಹವಾಯಿ ಚಪ್ಪಲಿ ಬಿಟ್ಟು ಬನ್ನಿ. ಮಂಡಿನೋವಿನ ಹಿರಿಯರನ್ನು ವಾಹನದಲ್ಲಿ ಮೇಲಿನ ಪಶ್ಚಿಮ ದ್ವಾರಕ್ಕೆ ಒಯ್ಯಿರಿ, ಅಲ್ಲಿ ಹತ್ತುವುದು ಕಡಿಮೆ.

ಗುಡಿ ನಸುಗೆಂಪು ಮರಳುಗಲ್ಲಿನದು. ಹೊಯ್ಸಳರ ಬಳಪದ ಕಲ್ಲಿನಷ್ಟು ಸೂಕ್ಷ್ಮ ಕೆತ್ತನೆ ಇದರಲ್ಲಿ ನಿರೀಕ್ಷಿಸಬೇಡಿ. ಇಲ್ಲಿಯ ಸೊಗಸು ಬೇರೆ. ಪೂರ್ವದ ಬಾಗಿಲ ಮೇಲೆ ಹತ್ತು ತೋಳಿನ ನಟರಾಜ, ಅವನ ಕೆಳಗೆ ಅನಂತಶಯನ, ಪಾದದ ಬಳಿ ಲಕ್ಷ್ಮಿ, ಕಮಲದ ಮೇಲೆ ಬ್ರಹ್ಮ, ಪಕ್ಕದಲ್ಲಿ ನಮ್ಮ ಪರಿಚಯದ ಕೀರ್ತಿಮುಖ. ಈ ಅನಂತಶಯನದ ತೊಲೆ 1960ರ ದಶಕದಲ್ಲಿ ಕಳುವಾಗಿ, ಕೊನೆಗೆ ಶಿಕಾಗೋದ ಕಲಾಸಂಗ್ರಹಾಲಯದಲ್ಲಿ ಪತ್ತೆಯಾಯಿತು. ಥಾಯ್ ಜನ ಬಿಡದೆ ಕೇಳಿ 1988ರಲ್ಲಿ ವಾಪಸು ತಂದರು. ಒಳಗೆ ನಂದಿ, ಲಿಂಗ, ಅಭಿಷೇಕದ ನೀರು ಉತ್ತರಕ್ಕೆ ಹರಿಯುವ ಕಲ್ಲುಗಾಲುವೆ. ಅದಕ್ಕೆ ಇಲ್ಲಿಯೂ ಸೋಮಸೂತ್ರ ಎಂದೇ ಹೆಸರು. ಪ್ರದಕ್ಷಿಣೆಯಲ್ಲಿ ಸೋಮಸೂತ್ರ ದಾಟಬಾರದೆಂದು ಅಜ್ಜಿ ಹೇಳಿದ್ದನ್ನು ಮಕ್ಕಳಿಗೆ ತೋರಿಸಿ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಈ ದೇಶದಲ್ಲಿಲ್ಲ.

ಬೆಟ್ಟದಿಂದ 8 ಕಿಲೋಮೀಟರ್ ಕೆಳಗೆ ಮುವಾಂಗ್ ತಾಮ್. ಹೆಚ್ಚಿನವರು ಬಿಟ್ಟು ಹೋಗುವ ಗುಡಿ, ತಪ್ಪು ಮಾಡುತ್ತಾರೆ. ಐದು ಇಟ್ಟಿಗೆ ಗೋಪುರಗಳು, ಅದರಲ್ಲಿ ನಡುವಿನದಕ್ಕೆ ಉಳಿದಿರುವುದು ಪೀಠ ಮಾತ್ರ. ನಾಲ್ಕು ಮೂಲೆಗಳಲ್ಲಿ ಮೊಳಕೈಯಂತೆ ಬಾಗಿದ ಕೊಳಗಳು, ದಡದುದ್ದಕ್ಕೂ ಮಲಗಿದ ನಾಗಗಳು. ನಂದಿಯ ಮೇಲೆ ಕೂತ ಉಮಾಮಹೇಶ್ವರರನ್ನು ಹುಡುಕುವ ಕೆಲಸ ಮಕ್ಕಳಿಗೆ ಕೊಡಿ. ಫನೋಮ್ ರುಂಗ್‌ಗೆ ಸಂಜೆ ಹೋಗುವವರು ಮಧ್ಯಾಹ್ನ ಮೂರಕ್ಕೆ ಇಲ್ಲಿ ಮುಗಿಸಿಬಿಡಬೇಕು.

ಈಗ ದಾರಿ. ಬ್ಯಾಂಕಾಕಿನ ಕ್ರುಂಗ್ ಥೇಪ್ ಅಫಿವಾಟ್ ನಿಲ್ದಾಣದಿಂದ ಉಬೋನ್ ಕಡೆಯ ರೈಲು ಬುರಿರಾಮ್‌ಗೆ ಹೋಗುತ್ತದೆ. ಹಳೆಯ ಹುವಾ ಲಂಫೋಂಗ್‌ಗೆ ಹೋಗಿ ಪೆಚ್ಚಾಗಬೇಡಿ. ದೂರದ ರೈಲುಗಳು 2023ರ ಜನವರಿಯಲ್ಲೇ ಅಲ್ಲಿಂದ ಎದ್ದಿವೆ. ಆದರೆ ಬುರಿರಾಮ್ ಊರಿನಿಂದ ಗುಡಿಗೆ ಇನ್ನೂ ಒಂದು ಗಂಟೆಗಿಂತ ಹೆಚ್ಚಿನ ದಾರಿ. ವಿಮಾನ ಹಿಡಿದರೆ ಇನ್ನೂ ಪಜೀತಿ: ನಿಲ್ದಾಣ ಊರಿನ ಉತ್ತರಕ್ಕೆ, ಗುಡಿ ದಕ್ಷಿಣಕ್ಕೆ. ಉತ್ತಮವೆಂದರೆ ಬ್ಯಾಂಕಾಕಿನ ಬಸ್ ನಿಲ್ದಾಣ ಮೋಚಿತ್‌ನಿಂದ 24ನೆಯ ಹೆದ್ದಾರಿಯಲ್ಲಿ ಹೋಗುವ ಬಸ್ಸು ಹಿಡಿದು ನಾಂಗ್ ರೋಂಗ್‌ನಲ್ಲಿ ಇಳಿದು ಅಲ್ಲೇ ತಂಗುವುದು. ಅಲ್ಲಿಂದ ಪೂರ್ವಕ್ಕೆ 14 ಕಿಲೋಮೀಟರ್ ಬಾನ್ ತಾಕೋ ಕೂಡುದಾರಿ, ಆಮೇಲೆ ಒಳಗೆ 12. ಹೋಗುವಾಗ ಯಾವುದೋ ವಾಹನ ಸಿಗುತ್ತದೆ. ಕತ್ತಲಾದ ಮೇಲೆ ಬೆಟ್ಟದಿಂದ ಇಳಿಯಲು ಸಿಗುವುದಿಲ್ಲ. ಹೋಗಿ ಬರುವುದಕ್ಕೂ ಕಾಯುವುದಕ್ಕೂ ಸೇರಿಸಿ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಗುಡಿಯ ಮಾಮೂಲಿ ಸಮಯ ಬೆಳಿಗ್ಗೆ 6ರಿಂದ ಸಂಜೆ 6. ಸೂರ್ಯನ ದಿನಗಳಲ್ಲಿ ಯಾವಾಗ ಮುಚ್ಚುತ್ತಾರೆಂದು ಹೋಟೆಲಿನವರಿಂದ ಫೋನು ಮಾಡಿಸಿ ಕೇಳಿಕೊಳ್ಳಿ. 2025ರ ಜುಲೈನಲ್ಲಿ ಕಾಂಬೋಡಿಯ ಗಡಿಯಲ್ಲಿ ಗುಂಡು ಹಾರಿದ್ದು ಮರೆಯಬೇಡಿ; ಹೊರಡುವ ವಾರ ಸೂಚನೆಗಳನ್ನು ನೋಡಿ, ಗಡಿಗೆ ಅಂಟಿಕೊಂಡ ಗುಡಿಗಳ ಆಸೆ ಬಿಡಿ.

ಊಟ. ಇಸಾನ್ ಸೀಮೆಯ ಪಪ್ಪಾಯಿ ಕೋಸಂಬರಿ, ಅಂದರೆ ಸೋಮ್ ತಾಮ್, ನೋಡಲು ಪರಮ ಸಸ್ಯಾಹಾರಿ. ಒಳಗೆ ಪ್ಲಾ ರಾ, ಹುಳಿಬರಿಸಿದ ಮೀನು. ‘ಮೈ ಸೈ ಪ್ಲಾ ರಾ, ಮೈ ಸೈ ನಾಮ್ ಪ್ಲಾ, ಮೈ ಸೈ ಕುಂಗ್’ ಎಂದು ಮೂರನ್ನೂ ಹೇಳಬೇಕು: ಹುಳಿಮೀನು ಬೇಡ, ಮೀನಿನ ಸಾಸ್ ಬೇಡ, ಸೀಗಡಿ ಬೇಡ. ಒಂದು ಹೇಳಿದರೆ ಉಳಿದೆರಡು ಬೀಳುತ್ತವೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದ ‘ಜೇ’ (ಶುದ್ಧ ಸಸ್ಯಾಹಾರ) ಕಂಡರೆ ನಿಶ್ಚಿಂತೆ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಪುಳಿಯೋಗರೆ ಬುತ್ತಿ ಕಟ್ಟಿ, ಮೊಸರನ್ನ ಆ ಸೆಖೆಯಲ್ಲಿ ಮಧ್ಯಾಹ್ನಕ್ಕೇ ಹುಳಿ.

ಇನ್ನೂ ಒಂದು ದಿನವಿದ್ದರೆ ಹಿಂದಿರುಗುವಾಗ ಕೋರಾಟ್‌ನಿಂದ 60 ಕಿಲೋಮೀಟರ್ ಒಳಗಿರುವ ಫಿಮಾಯ್, ಖ್ಮೇರರದೇ ಇನ್ನೊಂದು ಗುಡಿ. ಪಕ್ಕದ ಸಾಯ್ ನ್ಗಾಮ್‌ನ ಆಲದ ತೋಪು ಕೇತೋಹಳ್ಳಿಯ ದೊಡ್ಡಾಲದ ಮರದ ನಂಟ. ಫೆಚ್ಚಬೂನ್‌ನ ಸಿ ಥೇಪ್ ಎಂಬ ಪ್ರಾಚೀನ ನಗರದ ಬಗ್ಗೆ ಮುಂದಿನ ಸಂಚಿಕೆಗೆ. ಹೊಯ್ಸಳ ಗುಡಿಗಳೂ ಅದೂ 2023ರ ಸೆಪ್ಟೆಂಬರಿನಲ್ಲಿ ರಿಯಾದ್‌ನ ಒಂದೇ ಸಭೆಯಲ್ಲಿ ಯುನೆಸ್ಕೋ ಪಟ್ಟಿ ಸೇರಿದವು ಎಂಬುದಷ್ಟೇ ಈಗ.

ಜಾಗ ಮುಗಿಯುತ್ತಿದೆ, ಪ್ರಕಟಣೆಗಳು ಒಂದೇ ಉಸಿರಿನಲ್ಲಿ: ಗಣೇಶನ ಪೂಜೆ ಹಬ್ಬದ ನಂತರದ ಭಾನುವಾರ, ಕಡುಬಿಗೆ ಕಾಯಿ ತುರಿಯುವವರು ಹಿಂದಿನ ಸಂಜೆಯೇ ಬರಬೇಕು. ಮಣ್ಣಿನ ಮೂರ್ತಿಯೇ, ಬಕೆಟ್ಟಿನಲ್ಲೇ ವಿಸರ್ಜನೆ, ಚರ್ಚೆ ಬೇಡ. ರಾಜ್ಯೋತ್ಸವದ ನಾಟಕಕ್ಕೆ ಇಬ್ಬರು ಗಂಡಸರು ಬೇಕು, ಮಾತು ಕಡಿಮೆ. ಗ್ರಂಥಾಲಯದ ಪುಸ್ತಕ ಒಯ್ದವರು ಯಾರೆಂದು ಪಟ್ಟಿ ನಮ್ಮಲ್ಲಿದೆ. ಕನ್ನಡ ತರಗತಿಯ ಮೇಷ್ಟ್ರು ಕುಟುಂಬಸಮೇತ ಡಿಸೆಂಬರಿನಲ್ಲಿ ಮೈಸೂರಿಗೆ ಮರಳುತ್ತಿದ್ದಾರೆ. ಭಾನುವಾರ ಒಂದೂವರೆ ಗಂಟೆ ಕೊಡಬಲ್ಲವರು ದಯವಿಟ್ಟು ಹೇಳಿ. ವ್ಯಾಕರಣ ಬರಬೇಕೆಂದಿಲ್ಲ, ‘ರಾಮಪುರಾನಾ’ ಎಂಬ ಪ್ರಶ್ನೆಗೆ ತಾಳ್ಮೆ ಇದ್ದರೆ ಸಾಕು. ಈ ಪತ್ರದ ಕರಡು ತಿದ್ದುವುದಕ್ಕೂ ಒಬ್ಬರು ಬೇಕು, ಮೂರು ಸಂಚಿಕೆಯಿಂದ ಕೇಳುತ್ತಿದ್ದೇವೆ.

ಬುರಿರಾಮ್‌ಗೆ ಹನ್ನೆರಡು ಹೆಸರು ಸೇರಿದರೆ ವ್ಯಾನು. ಪೂಜೆಯ ದಿನ ಪ್ರಸಾದದ ಮೇಜಿನ ಮೇಲೆ ಹಾಳೆ ಇಟ್ಟಿರುತ್ತೇವೆ, ಪೆನ್ನು ನೀವೇ ತನ್ನಿ.