ಜಿನೀವಾಕ್ಕೆ ಹೊರಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಜಿನೀವಾದಲ್ಲಿ ಕಾರಂಜಿ ನೋಡಿ ಹಾಗೇ ಬಂದುಬಿಡಬೇಡಿ, ಸರೋವರದ ದಂಡೆಯಲ್ಲೇ ಇರುವ ಬೋ ರಿವಾಜ್ ಹೋಟೆಲ್ ಮುಂದೆ ಎರಡು ನಿಮಿಷ ನಿಲ್ಲಿ. 1865ರಲ್ಲಿ ಶುರುವಾದದ್ದು. ಆಸ್ಟ್ರಿಯಾದ ಮಹಾರಾಣಿ ಎಲಿಜಬೆತ್, ಅದೇ ಸಿಸ್ಸಿ, 1898ರ ಸೆಪ್ಟೆಂಬರ್‌ನಲ್ಲಿ ಬೇರೆ ಹೆಸರಿನಲ್ಲಿ ಇಲ್ಲಿ ಇಳಿದುಕೊಂಡಿದ್ದರು. 10ನೇ ತಾರೀಕು ಹಡಗು ಹತ್ತಲು ದಂಡೆಯ ಮೇಲೆ ನಡೆದು ಹೋಗುತ್ತಿದ್ದಾಗ ಲೂಕೆನಿ ಎಂಬಾತ ಚೂಪು ಮಾಡಿದ ಅರದಿಂದ ಎದೆಗೆ ಇರಿದ. ಗುದ್ದಿದ ಅಂತಷ್ಟೇ ಅಂದುಕೊಂಡು ಅವರು ಎದ್ದು ಹಡಗಿನವರೆಗೂ ನಡೆದರು! ಸೊಂಟ ಬಿಗಿದ ಒಳಉಡುಪಿನಿಂದಾಗಿ ರಕ್ತ ಹೊರಗೆ ಬರಲಿಲ್ಲ. ಹಡಗಿನಲ್ಲಿ ಕುಸಿದವರನ್ನು ಹುಟ್ಟುಗೋಲುಗಳಿಂದ ಮಾಡಿದ ಡೋಲಿಯಲ್ಲಿ ವಾಪಸ್ ಇದೇ ಹೋಟೆಲ್‌ಗೆ ಹೊತ್ತು ತಂದರು. ಇಲ್ಲೇ ಪ್ರಾಣ ಹೋಯಿತು. ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೋದವರು ಫೋಟೋ ಗುಂಪಿಗೆ ಹಾಕಿ.