ಕಿಟ್ ಕಾರು ತಂದು ಕ್ಯಾಲಿಫೋರ್ನಿಯಾಗೆ ಬಂದವರಿಗೆ

ಗೆಳೆಯರೇ, ಬೇರೆ ರಾಜ್ಯದಿಂದ ಕೋಬ್ರಾ ರೆಪ್ಲಿಕಾ (ಬಿಡಿಭಾಗಗಳ ಕಿಟ್ ಕೊಂಡು ಜೋಡಿಸಿದ, ಹಳೆಯ ಕೋಬ್ರಾ ಸ್ಪೋರ್ಟ್ಸ್ ಕಾರಿನ ನಕಲು) ತರುವವರು ದಯವಿಟ್ಟು ಇದನ್ನು ಓದಿ. ಇಲ್ಲಿ ನೆಲೆಸಿದ 20 ದಿನದೊಳಗೆ ಗಾಡಿ ನೋಂದಣಿಗೆ ಡಿಎಂವಿಗೆ (ಇಲ್ಲಿನ ಆರ್‌ಟಿಒ ಥರದ ಕಚೇರಿ) ಅರ್ಜಿ ಹಾಕಬೇಕು.

ಗಾಡಿಯ ಮಾಲೀಕತ್ವ ತೋರಿಸುವ ಹಳೆಯ ಟೈಟಲ್‌ನಲ್ಲಿ '1965 ಫೋರ್ಡ್' ಎಂದಿದ್ದರೆ ಸುಮ್ನೆ ಹಾಗೇ ಬರೆಸಬೇಡಿ. ಮನೆಯಲ್ಲಿ ಜೋಡಿಸಿದ ಗಾಡಿ ಇಲ್ಲಿ 'ಸ್ಪೆಷಲಿ ಕನ್‌ಸ್ಟ್ರಕ್ಟೆಡ್ ವೆಹಿಕಲ್'. ನಿಜ ಬಚ್ಚಿಟ್ಟರೆ ಮುಂದೆ ತೊಂದರೆ ಜಾಸ್ತಿ.

ಎಸ್‌ಬಿ 100 ಎಂಬ ಕ್ಯಾಲಿಫೋರ್ನಿಯಾ ಕಾನೂನಿನಡಿ ವರ್ಷಕ್ಕೆ 500 ಗಾಡಿಗಳಿಗೆ ಮಾತ್ರ ಸರದಿ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಸೀಕ್ವೆನ್ಸ್) ಸಿಗುತ್ತದೆ. ಮೊದಲು ಬಂದವರಿಗೆ ಮೊದಲು. ಇದು ಸಿಕ್ಕರೆ ಹೊಗೆ ತಪಾಸಣೆಯ ಕಷ್ಟ ಬಹಳ ಕಡಿಮೆಯಾಗುತ್ತದೆ. ಗಾಡಿಯ ಬಾಡಿ ಅಥವಾ ಎಂಜಿನ್ ಯಾವ ವರ್ಷದ್ದನ್ನು ಹೋಲುತ್ತದೋ, ಸ್ಮಾಗ್ ರೆಫರಿ (ಇಂಥ ಗಾಡಿಗಳ ಹೊಗೆ ತಪಾಸಣೆ ಮಾಡುವವರು) ಅದೇ ವರ್ಷದ ನಿಯಮ ಹಿಡಿಯುತ್ತಾರೆ. 1965ರ ಬಾಡಿಯನ್ನು ಒಪ್ಪಿಕೊಂಡರೆ ಒಳಗಿನ ಎಂಜಿನ್ ಹೊಸದಾದರೂ ಚಿಂತೆಯಿಲ್ಲ, ಎಷ್ಟು ದೊಡ್ಡ ಅನುಕೂಲ ಅಲ್ವಾ!

ವಿಐಎನ್ (ಗಾಡಿಯ ಗುರುತಿನ ನಂಬರು) ನೋಡುವುದು ಹೆದ್ದಾರಿ ಪೊಲೀಸರಾದ ಹೈವೇ ಪ್ಯಾಟ್ರೋಲ್‌ನವರು. ಕಿಟ್, ಎಂಜಿನ್, ಗೇರ್‌ಬಾಕ್ಸ್‌ಗಳ ಅಸಲು ರಶೀದಿ ಒಯ್ಯಿರಿ. ಎಂಜಿನ್ ಮೇಲೆ ಕೊರೆದ ನಂಬರು ರಶೀದಿಯಲ್ಲೂ ಇರಲಿ. ಎಣ್ಣೆ, ಧೂಳು ಒರೆಸಿ, ಟಾರ್ಚ್ ಹಾಕಿ ಮೊದಲು ನೀವೇ ಓದಿ ನೋಡಿ.

ಸೆಕೆಂಡ್ ಹ್ಯಾಂಡ್ ಕೊಂಡವರು ಕಟ್ಟಿದವರನ್ನು ಈಗಲೇ ಹುಡುಕಿ, ರಶೀದಿ ಕೇಳಿ. ಫಾರಂ ತುಂಬುವಾಗ ಅನುಮಾನ ಬಂದರೆ ಇಲ್ಲೇ ಫೋಟೋ ಹಾಕಿ, ಒಟ್ಟಿಗೆ ನೋಡೋಣ.