ಒದ್ದೆ ನಕ್ಷೆಯ ವಿಷಯ

ತಮ್ಮಾ,

ಅಮೆರಿಕದ ಹಾಸ್ಯನಟ ಅಣ್ಣತಮ್ಮಂದಿರಾದ ಮಾರ್ಕ್ಸ್ ಬ್ರದರ್ಸ್ ಅವರ ‘ದಿ ಕೋಕನಟ್ಸ್’ ಸಿನಿಮಾದ ಬಗ್ಗೆ ನೀನು ಬರೆದದ್ದು ಓದಿದೆ. ಒಟ್ಟು 19 ‘ನಿಮಗೆ ಗೊತ್ತೇ?’ಗಳು! ಅರ್ಧಕ್ಕೆ ಬರುವಾಗ ಆಕಳಿಕೆ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಏಳನೆಯದಕ್ಕೆ ಮಾತ್ರ ಎದ್ದು ಕೂತಿದ್ದೆ. ಚಿತ್ರದಲ್ಲಿ ಬಳಸಿದ ಕಾಗದಗಳನ್ನೆಲ್ಲ ನೀರಲ್ಲಿ ನೆನೆಸಿದ್ದರು ಅಂತ ಒಂದೇ ಸಾಲು ಬರೆದು ಮುಂದೆ ಓಡಿದ್ದೀಯ.

ಅಲ್ಲಪ್ಪಾ, ಯಾಕೆ ನೆನೆಸಿದರು? ಅದು 1929. ಸಿನಿಮಾಕ್ಕೆ ಆಗಷ್ಟೇ ಬಾಯಿ ಬಂದಿತ್ತು. ಆಗಿನ ಮೈಕಿಗೆ ಮಾತೂ ಒಂದೇ, ಗಲಾಟೆಯೂ ಒಂದೇ. ಕಾಗದ ಮಡಚಿದರೆ ಗುಡುಗಿದ ಹಾಗೆ ಕೇಳುತ್ತಿತ್ತು. ಕ್ಯಾಮೆರಾದ ಗರಗರ ಬೇರೆ. ಅದಕ್ಕೆ ಕ್ಯಾಮೆರಾವನ್ನೂ ಕ್ಯಾಮೆರಾಮನ್‌ನನ್ನೂ ಸದ್ದು ಆಚೆ ಹೋಗದ ಡಬ್ಬಿಯಂಥ ಗೂಡಿನಲ್ಲಿ ಕೂಡಿಹಾಕುತ್ತಿದ್ದರು. ನಟನ ಕೈಯಲ್ಲಿರುವ ನಕ್ಷೆಯನ್ನು ಎಲ್ಲಿ ಕೂಡಿಹಾಕುವುದು? ಒದ್ದೆ ಮಾಡಿದರು.

ಈಗ ಆ ದೃಶ್ಯ ಮತ್ತೆ ಹಾಕಿ ನೋಡು. ಫ್ಲೋರಿಡಾದಲ್ಲಿ ಸೈಟ್ ಮಾರಲು ಹೊರಟ ಗ್ರೌಚೋ, ಆ ಅಣ್ಣತಮ್ಮಂದಿರಲ್ಲಿ ಇನ್ನೊಬ್ಬನಾದ ಚಿಕೋ ಮುಂದೆ ನಕ್ಷೆ ಬಿಡಿಸುತ್ತಾನೆ. ಗ್ರೌಚೋ ‘ವಯಾಡಕ್ಟ್’ (ಉದ್ದನೆಯ ಸೇತುವೆ) ಅಂದರೆ ಚಿಕೋ ಕಿವಿಗೆ ‘ವೈ ಎ ಡಕ್’, ಅಂದರೆ ‘ಬಾತುಕೋಳಿ ಯಾಕೆ’. ಬಾತುಕೋಳಿ ಯಾಕೆ, ಬರೀ ಕೋಳಿ ಯಾಕಾಗಬಾರದು ಅಂತ ಹಿಡಿದ ಪಟ್ಟು ಬಿಡುವುದಿಲ್ಲ. ಮಾತು ಪಟಪಟ ಸಿಡಿಯುತ್ತಿದೆ. ನಕ್ಷೆ ಮಾತ್ರ ಹಿಂಡಿ ಹಾಕಿದ ಪಂಚೆಯ ಹಾಗೆ ಜೋತುಬಿದ್ದಿದೆ.

ನಿನ್ನ ಬರಹ ಇಲ್ಲಿಂದ ಶುರುವಾಗಬೇಕಿತ್ತು. ಮೊದಲು ಆ ಜೋತುಬಿದ್ದ ಕಾಗದ ತೋರಿಸು. ಓದುವವನೇ ‘ಇದೇನಿದು’ ಅಂತ ಕೇಳಲಿ. ಮೈಕಿನ ಕತೆ ಆಮೇಲೆ ಹೇಳು.

ಹಗಲು ನ್ಯೂಯಾರ್ಕಿನ ಆಸ್ಟೋರಿಯಾ ಸ್ಟುಡಿಯೋದಲ್ಲಿ ಶೂಟಿಂಗ್, ರಾತ್ರಿ ಬ್ರಾಡ್‌ವೇಯಲ್ಲಿ ‘ಅನಿಮಲ್ ಕ್ರ್ಯಾಕರ್ಸ್’ ನಾಟಕ ಅಂತ ಬರೆದಿದ್ದೀಯಲ್ಲ, ಅದೂ ಇರಲಿ. ಆ ದಣಿವು ಒಂದು ಸಾಲಿಗೆ ಸಾಕು. ಹಾಡುಗಳು ಇರ್ವಿಂಗ್ ಬರ್ಲಿನ್ ಅವರವು ಅನ್ನುವುದನ್ನು ಬಿಟ್ಟುಬಿಡು. (ದೊಡ್ಡ ಹೆಸರು, ಹೌದು. ಆದರೂ ಈ ಚಿತ್ರದ ಪ್ರೇಮಗೀತೆ ಬಂದಾಗ ನಾನು ಓಡಿಸಿಯೇ ನೋಡುವುದು.)

ಮಾರ್ಕ್ಸ್ ಬ್ರದರ್ಸ್ 1935ರ ‘ಎ ನೈಟ್ ಅಟ್ ದಿ ಒಪೆರಾ’ ಸಿನಿಮಾಕ್ಕೆ ಮೊದಲು ದೃಶ್ಯಗಳನ್ನು ಊರೂರಿನ ರಂಗದ ಮೇಲೆ ಆಡಿ, ಜನ ಎಲ್ಲಿ ಎಷ್ಟು ಹೊತ್ತು ನಗುತ್ತಾರೆ ಅಂತ ಅಳೆದುಕೊಂಡರಂತಲ್ಲ, ಅದನ್ನು ಇಲ್ಲಿ ಸುಮ್ನೆ ತುರುಕಿದ್ದೀಯ. ತೆಗೆದು ಬೇರೆ ಇಡು. ಅದು ಇನ್ನೊಂದು ಲೇಖನ, ಬಹುಶಃ ಇದಕ್ಕಿಂತ ಒಳ್ಳೆಯದು.

ತಿದ್ದಿದ ಮೇಲೆ ಪ್ರಿಂಟ್ ತೆಗೆಸಿ ಕಳಿಸು, ಮೊಬೈಲಿನಲ್ಲಿ ಓದಲು ಕಣ್ಣು ಕೇಳುತ್ತಿಲ್ಲ. ಮಳೆಗಾಲ ಬೇರೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕು ಮಾರಾಯ, ನನಗೆ ಒಣ ಕಾಗದವೇ ಬೇಕು.

ನಿನ್ನ,
ಅಣ್ಣ